ಬೋರ್ಡೋ ಸೀಮೆಯ ಕೆಂಪು ದ್ರಾಕ್ಷಾಮದ್ಯ

ನಮ್ಮ ಮಲೆನಾಡಿನ ಅಡಿಕೆ ತೋಟಗಾರರಿಗೆ ಬೋರ್ಡೋ ಎಂಬ ಹೆಸರು ಹೊಸದಲ್ಲ. ಕೊಳೆರೋಗದ ನಿವಾರಣೆಗಾಗಿ ಅಡಿಕೆಯ ಗೊನೆಗಳಿಗೆ ಸಿಂಪಡಿಸುವ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣಕ್ಕೆ ಈ ಹೆಸರು ಬಂದುದು ಫ್ರಾನ್ಸ್ ದೇಶದ ನೈಋತ್ಯದಲ್ಲಿರುವ ಬೋರ್ಡೋ ಸೀಮೆಯಿಂದ. ಅಲ್ಲಿನ ದ್ರಾಕ್ಷಿಯ ಬೂಜುರೋಗಕ್ಕೆ ಇದು ಮದ್ದೆಂಬುದನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಮಿಲಾರ್ಡೇ ಎಂಬವರು 1885ರಲ್ಲಿ ಪ್ರಕಟಪಡಿಸಿದರು. ಆದರೆ ಆ ಸೀಮೆಗೆ ಲೋಕದಲ್ಲಿ ಕೀರ್ತಿ ತಂದಿರುವುದು ಬೇರೊಂದು ಮಿಶ್ರಣ. ಹಲವು ತಳಿಗಳ ರಸವನ್ನು ಕೂಡಿಸಿ ಮಾಡುವ ಕೆಂಪು ದ್ರಾಕ್ಷಾಮದ್ಯ. ಹೀಗೆ ಕೂಡಿಸುವುದು ಕೇವಲ ರುಚಿಗಾಗಿ ಅಲ್ಲ. ಅದರಲ್ಲಿ ವ್ಯವಸಾಯಗಾರನ ಮುಂದಾಲೋಚನೆಯೂ ಅಡಗಿರುವುದು.

ಭೂಮಿಯೂ ತಳಿಗಳೂ

ಗಾರೋನ್ ಮತ್ತು ಡೋರ್ಡೋನ್ ನದಿಗಳು ಕೂಡಿ ಜಿರೋಂಡ್ ಎಂಬ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುವುವು. ಅಳಿವೆಯ ಎಡದಂಡೆಯಾದ ಮೆಡೋಕ್ ಪ್ರದೇಶದಲ್ಲಿ ಗರಸು ನೆಲ ಹೆಚ್ಚು. ಇದು ನೀರನ್ನು ಬೇಗ ಬಸಿದು, ಹಗಲಿನ ಕಾವನ್ನು ಹಿಡಿದಿಡುವುದರಿಂದ, ತಡವಾಗಿ ಮಾಗುವ ಕ್ಯಾಬರ್ನೇ ಸೋವಿನ್ಯೋನ್ ತಳಿಗೆ ಒಪ್ಪುವುದು. ಇದರ ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಮದ್ಯವು ಒಗರಾಗಿದ್ದು ಬಹುಕಾಲ ಕೆಡದೆ ನಿಲ್ಲುವುದು. ಡೋರ್ಡೋನಿನ ಬಲದಂಡೆಯ ಸೇಂಟ್ ಎಮಿಲಿಯೋನ್, ಪೊಮೆರೋಲ್ ಪ್ರದೇಶಗಳಲ್ಲಿ ತಂಪಾದ ಜೇಡಿ ಮತ್ತು ಸುಣ್ಣಕಲ್ಲಿನ ನೆಲಗಳಿವೆ. ಅಲ್ಲಿ ಬೇಗ ಮಾಗುವ, ಮೃದುವಾದ ರುಚಿಯ ಮೆರ್ಲೋ ತಳಿಯದೇ ಪ್ರಾಧಾನ್ಯ. ಪರಿಮಳಕ್ಕಾಗಿ ಕ್ಯಾಬರ್ನೇ ಫ್ರಾಂಕ್ ತಳಿಯನ್ನೂ, ಬಣ್ಣಕ್ಕಾಗಿ ಪೆಟೀ ವೆರ್ಡೋ ತಳಿಯನ್ನೂ ಸ್ವಲ್ಪ ಸ್ವಲ್ಪವಾಗಿ ಬೆರಸುವರು.

ಬೆರಸುವ ಕಾರಣ

ಮೆರ್ಲೋ ಬೇಗ ಚಿಗುರುವುದರಿಂದ ವಸಂತಕಾಲದ ಹಿಮಕ್ಕೆ ಸಿಕ್ಕಿ ಸುಡುವುದುಂಟು. ಕ್ಯಾಬರ್ನೇ ಸೋವಿನ್ಯೋನಿಗೆ ಸುಗ್ಗಿಯ ಮಳೆಯ ಭಯ; ಚೆನ್ನಾಗಿ ಮಾಗದಿದ್ದರೆ ಮದ್ಯದಲ್ಲಿ ಹಸಿರುವಾಸನೆ ಉಳಿಯುವುದು. ಒಂದಕ್ಕೆ ಕೇಡಾದ ವರ್ಷ ಮತ್ತೊಂದು ಕೈಹಿಡಿಯಲೆಂದೇ ಎರಡನ್ನೂ ಬೆಳೆಯುವರು. ಪ್ರತಿಯೊಂದು ತಳಿಯನ್ನೂ ಬೇರೆಯಾಗಿ ಕುಯ್ದು, ಸಿಪ್ಪೆಸಹಿತ ಹುಳಿಯಿಸಿ, ಆಮೇಲೆ ರುಚಿನೋಡಿ ಆಯಾ ವರ್ಷಕ್ಕೆ ತಕ್ಕ ಪ್ರಮಾಣದಲ್ಲಿ ಬೆರಸುವರು. ಉತ್ತಮ ತರಗತಿಯ ಮದ್ಯವನ್ನು 225 ಲೀಟರಿನ ಓಕ್ ಮರದ ಪೀಪಾಯಿಗಳಲ್ಲಿ ಒಂದೆರಡು ವರ್ಷ ಹದಗೊಳಿಸುವುದು ವಾಡಿಕೆ.

ಆದರೂ ಈ ಕಾಪಿಗೆ ಒಂದು ಮಿತಿಯುಂಟು. 2017ರ ಏಪ್ರಿಲ್ ತಿಂಗಳ ಹಿಮದಿಂದ ಸೀಮೆಯ ಇಳುವರಿಯು ಬಹಳವಾಗಿ ಕುಗ್ಗಿತು. ಈಚೆಗೆ ಸೆಕೆ ಹೆಚ್ಚಿ ಮೆರ್ಲೋ ಅತಿ ಬೇಗ ಮಾಗುತ್ತಿರುವುದರಿಂದ, ಸಕ್ಕರೆಯ ಅಂಶವೂ ಅದರೊಡನೆ ಮದ್ಯಸಾರವೂ ಏರುತ್ತಿವೆ. ಈ ಕಾರಣದಿಂದ 2021ರಲ್ಲಿ ಟೂರಿಗಾ ನಾಸಿಯೊನಾಲ್, ಮಾರ್ಸೆಲಾನ್ ಮೊದಲಾದ ನಾಲ್ಕು ಹೊಸ ಕೆಂಪು ತಳಿಗಳಿಗೆ ಪರೀಕ್ಷಾರ್ಥವಾಗಿ ಅನುಮತಿ ದೊರೆಯಿತು. ಹೊಸ ತಳಿಗಳು ತೋಟದಲ್ಲಿ ಶೇಕಡಾ 5ನ್ನೂ ಮಿಶ್ರಣದಲ್ಲಿ ಶೇಕಡಾ 10ನ್ನೂ ಮೀರಕೂಡದೆಂಬ ನಿಬಂಧನೆಯುಂಟು.

ಆಹಾರದೊಡನೆ ಹೊಂದಿಕೆ

ಅಡಿಕೆ ಬೇಯಿಸಿದ ಚೊಗರಿನಲ್ಲಿರುವಂಥ ಒಗರೇ ಈ ಮದ್ಯದಲ್ಲಿಯೂ ಇರುವುದು. ಮಾಂಸದ ಸಾರವೂ ಕೊಬ್ಬೂ ಕೂಡಿದರೆ ಈ ಒಗರು ನಾಲಗೆಗೆ ಮೃದುವಾಗುವುದು. ಆದಕಾರಣ ಅಲ್ಲಿಯವರು ಇದನ್ನು ಪೋಯಾಕಿನ ಎಳೆಗುರಿಯ ಮಾಂಸ, ಕೆಂಡದಲ್ಲಿ ಸುಟ್ಟ ದನದ ಮಾಂಸ, ಗಟ್ಟಿ ಗಿಣ್ಣು ಇವುಗಳೊಡನೆ ಸೇವಿಸುವರು. ಮೆಣಸಿನಕಾಯಿಯ ಖಾರವು ಒಗರನ್ನು ಇನ್ನಷ್ಟು ತೀಕ್ಷ್ಣವಾಗಿಸುವುದರಿಂದ ಅದರೊಡನೆ ಹೊಂದಲಾರದು.

ರಾಗಿಯ ಹೊಲದಲ್ಲಿ ಅವರೆ, ತೊಗರಿಗಳ ಅಕ್ಕಡಿಸಾಲು ಹಾಕುವ ನಮ್ಮ ರೈತರಿಗೆ ಬೋರ್ಡೋ ಸೀಮೆಯ ನೀತಿಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೊಸದಾಗಿ ದ್ರಾಕ್ಷಿತೋಟ ಹಾಕುವವರು ಒಂದೇ ತಳಿಯನ್ನು ನೆಚ್ಚದೆ, ಬೇರೆ ಬೇರೆ ಕಾಲಕ್ಕೆ ಮಾಗುವ ಎರಡು ಮೂರು ತಳಿಗಳನ್ನು ತಮ್ಮ ನೆಲದ ಗುಣವನ್ನರಿತು ಆರಿಸಿಕೊಳ್ಳುವುದು ಕ್ಷೇಮ.