ಕೊಟ್ಟ ಹಣ ಬಾರದಿದ್ದರೆಲ್ಲ ವಂಚನೆಯೇ?



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರೂ ಕಡೆಯ ಸದಸ್ಯರು ಸಂಘಕ್ಕೆ ತರುವ ಕಾಗದಗಳಲ್ಲಿ ಹಣ ಮುಳುಗಿದ ದೂರುಗಳೇ ಹೆಚ್ಚು. "ಅವನ ಮೇಲೆ ಚಾರ್ ಸೌ ಬೀಸ್ ಕೇಸು ಹಾಕಿಸಬೇಕು" ಎಂಬುದು ಎಲ್ಲರ ಮೊದಲ ಮಾತು. ಸದಸ್ಯರೊಬ್ಬರು ಪರಿಚಯದವರಿಗೆ ಕೊಟ್ಟ ಕೈಸಾಲಕ್ಕಾಗಿ ನಾಲ್ಕು ವರ್ಷ ಪೊಲೀಸರ ಬಳಿಗೇ ಅಲೆದರು. ಕೊನೆಗೆ ವಕೀಲರನ್ನು ಕಂಡಾಗ ಸಿವಿಲ್ ದಾವೆಯ ಅವಧಿ ಮುಗಿದಿತ್ತು. ಇಂಥ ನಷ್ಟ ಮತ್ತೊಬ್ಬರಿಗೆ ಆಗಬಾರದೆಂದು ಈ ನಾಲ್ಕು ಮಾತು.

ಭಾರತೀಯ ದಂಡ ಸಂಹಿತೆಯ 420ನೇ ಕಲಂ ಈಗ ಇಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಗೆ ಅನ್ವಯಿಸುತ್ತದೆ. ಅದಕ್ಕೂ ಮೊದಲು ನಡೆದ ಕೃತ್ಯಕ್ಕೆ ಹಳೆಯ ಕಲಮೇ.

ಹಣಕಾಸಿನ ವಂಚನೆಗೆ ಮೂರು ಸಂಗತಿ ಕೂಡಿ ಬರಬೇಕು. ಒಂದು, ಸುಳ್ಳು ಹೇಳಿ ನಂಬಿಸಿರಬೇಕು. ನಿಜವನ್ನು ಅಪ್ರಾಮಾಣಿಕವಾಗಿ ಮುಚ್ಚಿಟ್ಟರೂ ಅದು ಮೋಸವೇ. ಎರಡು, ಆ ನಂಬಿಕೆಯಿಂದಲೇ ನಾವು ಹಣ ಅಥವಾ ಸ್ವತ್ತು ಕೊಟ್ಟಿರಬೇಕು. ಮೂರು, ಪಡೆಯುವಾಗಲೇ ಅವನ ಮನಸ್ಸಿನಲ್ಲಿ ಮೋಸವಿರಬೇಕು. ಹೀಗೆ ಸ್ವತ್ತು ಪಡೆದವನಿಗೆ 7 ವರ್ಷಗಳವರೆಗೆ ಸೆರೆ ಮತ್ತು ದಂಡ.

ಹೆಚ್ಚಿನ ದೂರುಗಳು ಬಿದ್ದುಹೋಗುವುದು ಮೂರನೆಯದರಲ್ಲಿ. 1860ರ ಕಾನೂನಿನಲ್ಲೇ ಇದಕ್ಕೆ ನೀಲಿ ಬೆಳೆಯ ಉದಾಹರಣೆ ಇದೆ. ಅದನ್ನು ನಮ್ಮ ತಾಂಡೂರಿನ ತೊಗರಿಗೆ ಹೊಂದಿಸಿ ನೋಡೋಣ. ಒಬ್ಬ ತೊಗರಿ ಕೊಡುತ್ತೇನೆಂದು ಮುಂಗಡ ಪಡೆದ. ಕೊಡುವ ಮನಸ್ಸು ನಿಜವಾಗಿಯೂ ಇತ್ತು, ಆಮೇಲೆ ಮಾತಿಗೆ ತಪ್ಪಿದ. ಇದು ಕರಾರುಭಂಗ, ಸಿವಿಲ್ ವ್ಯಾಜ್ಯ. ಇನ್ನೊಬ್ಬನಿಗೆ ಕೊಡುವ ಉದ್ದೇಶವೇ ಇರಲಿಲ್ಲ, ಮುಂಗಡಕ್ಕಾಗಿಯೇ ಮಾತು ಕೊಟ್ಟ. ಇದು ವಂಚನೆ. ನಮಗಾದ ನಷ್ಟ ಎರಡರಲ್ಲೂ ಒಂದೇ. ಕಾನೂನು ನೋಡುವುದು ಮೊದಲ ದಿನದ ಮನಸ್ಸನ್ನು. ಮುಂದೆ ಮಾತು ತಪ್ಪಿದ್ದರಿಂದಷ್ಟೇ ಆರಂಭದಲ್ಲೂ ದುರುದ್ದೇಶವಿತ್ತೆಂದು ಊಹಿಸಲಾಗದೆಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಹೇಳಿದೆ.

ಮನಸ್ಸನ್ನು ತೋರಿಸುವುದು ಹೇಗೆ? ನಡತೆಯಿಂದ. ತನ್ನದಲ್ಲದ ಪ್ಲಾಟು ತೋರಿಸಿದನೇ? ಒಂದೇ ಜಾಗಕ್ಕೆ ಮೊದಲೇ ಬೇರೆಯವರಿಂದಲೂ ಮುಂಗಡ ಪಡೆದಿದ್ದನೇ? ಹೆಸರು, ವಿಳಾಸ, ರಸೀದಿ ಸುಳ್ಳೇ? ದೂರಿನಲ್ಲಿ "ಹಣ ಕೊಡುತ್ತಿಲ್ಲ" ಎಂದಷ್ಟೇ ಬರೆದರೆ ಸಾಲದು. ಯಾವ ದಿನ, ಎಲ್ಲಿ, ಏನು ಹೇಳಿ ನಂಬಿಸಿದ, ಅದು ಸುಳ್ಳೆಂದು ಹೇಗೆ ತಿಳಿಯಿತು ಎಂಬುದನ್ನು ಕ್ರಮವಾಗಿ ಬರೆಯಿರಿ.

ಗಡಿಯವರಾದ ನಮಗೆ ಇನ್ನೊಂದು ಗೊಂದಲ. ಬೀದರಿನವನು ಫೋನಿನಲ್ಲಿ ನಂಬಿಸಿದ, ಹಣ ಕೊಟ್ಟದ್ದು ಜಹೀರಾಬಾದಿನಲ್ಲಿ. ದೂರು ಕರ್ನಾಟಕದಲ್ಲೋ ತೆಲಂಗಾಣದಲ್ಲೋ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 202ನೇ ಕಲಮಿನಂತೆ ಸಂದೇಶ ಕಳಿಸಿದ ಊರಿನಲ್ಲೂ ತಲುಪಿದ ಊರಿನಲ್ಲೂ, ಹಣ ಕೊಟ್ಟ ಊರಿನಲ್ಲೂ ಪಡೆದ ಊರಿನಲ್ಲೂ ವಿಚಾರಣೆ ನಡೆಯಬಹುದು. 173ನೇ ಕಲಮಿನಂತೆ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುವುದು. ಬಾಯಿಮಾತಿನಲ್ಲಿ ಹೇಳಿದರೆ ಅವರು ಬರೆದುಕೊಂಡು ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದಾಖಲಿಸದಿದ್ದರೆ ಅಂಚೆಯಲ್ಲಿ ಎಸ್‌ಪಿಯವರಿಗೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಆನ್‌ಲೈನ್ ಮೋಸವಾದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಬರಿಯ ಸಾಲವಾದರೆ ಠಾಣೆಯನ್ನೇ ನೆಚ್ಚಿ ಕೂಡಬೇಡಿ. ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು. ಚೆಕ್ ವಾಪಸಾದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸು ಹೋಗಬೇಕು.

ನಾವು ವಕೀಲರಲ್ಲ, ಕಛೇರಿಯಲ್ಲಿ ಕಡತ ನೋಡಿ ತಲೆ ನರೆತವರು. ಆ ಅನುಭವದಿಂದ ಹೇಳುವುದಿಷ್ಟೆ: ಸಿಟ್ಟು ಇಳಿಯುವ ಮುನ್ನ ತಾರೀಖು ಬರೆದಿಡಿ. ಕಾಗದ ಜೋಡಿಸಲು ಸಹಾಯ ಬೇಕಾದವರು ಸಂಕೋಚಪಡದೆ ಸಂಘಕ್ಕೆ ಬನ್ನಿರಿ, ಗಡುವಿನೊಳಗೇ ಬನ್ನಿರಿ.

– ಕಾರ್ಯದರ್ಶಿ