ಹಾಲು ಹಿಂಡುವಾಗ ಎಂಜಿನ್ ನಿಂತರೆ ಏನು ಮಾಡಬೇಕು?



ದನದ ಡಾಕ್ಟರು ಎಂಜಿನ್ ವಿಷಯ ಏಕೆ ಬರೆದಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಕಳೆದ ಬೇಸಿಗೆಯಲ್ಲಿ ಯಲಬುರ್ಗಾ ತಾಲ್ಲೂಕಿನ ಒಂದು ಊರಿನಲ್ಲಿ ಒಂದೇ ಎಮ್ಮೆಗೆ ಎರಡು ತಿಂಗಳಲ್ಲಿ ಮೂರು ಸಲ ಕೆಚ್ಚಲು ಬಾವು ಬಂತು. ಔಷಧ ಕೊಟ್ಟರೆ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಮೂರನೆಯ ಸಲ ಸಂಜೆ ಹಾಲು ಹಿಂಡುವ ಹೊತ್ತಿಗೇ ಹೋಗಿ ನಿಂತೆ. ಕರೆಂಟ್ ಇರಲಿಲ್ಲ. ಆ ಅಕ್ಕ ಹಳೆಯ ಪೆಟ್ರೋಲ್ ಎಂಜಿನ್‌ನಿಂದ ಯಂತ್ರ ನಡೆಸುತ್ತಿದ್ದರು. ಐದಾರು ನಿಮಿಷಕ್ಕೆ ಎಂಜಿನ್ ಕೆಮ್ಮಿ ನಿಂತಿತು. ಎರಡು ಕಪ್ ಕಳಚಿ ಸಗಣಿ ನೆಲಕ್ಕೆ ಬಿದ್ದವು, ಇನ್ನೆರಡು ಮೊಲೆಗೆ ಜೋತಾಡುತ್ತಿದ್ದವು. ಅವರು ಹಗ್ಗ ಎಳೆದೇ ಎಳೆದರು. "ದಿನಾ ಇದೇ ಗೋಳು ಸಾರ್" ಅಂದರು.

ಯಂತ್ರದ ವ್ಯಾಕ್ಯೂಮ್ ಹೀಗೆ ಏರಿಳಿದರೆ ಹಾಲು ಹಿಂದಕ್ಕೆ ಚಿಮ್ಮಿ, ಒಂದು ಮೊಲೆಯ ರೋಗಾಣು ಇನ್ನೊಂದರ ತುದಿಗೆ ಬಡಿಯುತ್ತದೆ. ನೆಲಕ್ಕೆ ಬಿದ್ದ ಕಪ್ ಸಗಣಿಯನ್ನೂ ಸೇರಿಸುತ್ತದೆ. ಅಲ್ಲದೆ ಎಮ್ಮೆ, ಆಕಳು ಹಾಲು ಇಳಿಸುವುದು ಸುಮಾರು 5ರಿಂದ 7 ನಿಮಿಷ ಮಾತ್ರ. ಎಂಜಿನ್ ಜೊತೆ ಗುದ್ದಾಡುವಷ್ಟರಲ್ಲಿ ಆ ಹೊತ್ತು ಮುಗಿದು ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಉಳಿದ ಹಾಲಿನಲ್ಲಿ ರೋಗಾಣು ಬೆಳೆಯುತ್ತದೆ.

ಮರುದಿನ ಬಂದ ಮೆಕ್ಯಾನಿಕ್ ಮಾಡಿದ್ದು ಇಷ್ಟೇ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದರು. "ಸುಂಯ್" ಎಂದು ಗಾಳಿ ಒಳಗೆ ಹೋಯಿತು, ಎಂಜಿನ್ ಶುರುವಾಯಿತು. ಮುಚ್ಚಳದ ಸಣ್ಣ ಗಾಳಿ ತೂತು ಮೇವಿನ ಧೂಳಿನಿಂದ ಮುಚ್ಚಿತ್ತು. ಅವರಿಂದ ಕಲಿತದ್ದನ್ನೂ, ನಿಮ್ಮ ಕೊಟ್ಟಿಗೆಗಳಲ್ಲಿ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ. ಮೇವು ಕತ್ತರಿಸುವ ಯಂತ್ರದ ಪೆಟ್ರೋಲ್ ಎಂಜಿನ್‌ಗೂ ಇದೇ ಅನ್ವಯಿಸುತ್ತದೆ.

ಮೊದಲು ಪ್ರಾಣಿ, ಆಮೇಲೆ ಎಂಜಿನ್

ಎಂಜಿನ್ ನಿಂತ ಕೂಡಲೇ ಕಪ್‌ಗಳಿಗೆ ಹೋಗುವ ವ್ಯಾಕ್ಯೂಮ್ ಮುಚ್ಚಿ, ಆಮೇಲೆ ಕಪ್ ತೆಗೆಯಿರಿ. ವ್ಯಾಕ್ಯೂಮ್ ಇರುವಾಗ ಜಗ್ಗಿ ಕೀಳಬೇಡಿ. ಉಳಿದ ಹಾಲನ್ನು ತೊಳೆದು ಒರೆಸಿದ ಕೈಯಿಂದ ಹಿಂಡಿ ಮುಗಿಸಿ, ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಎಂಜಿನ್ ನೋಡುವುದು ಅದಾದ ಮೇಲೆ.

ಲಕ್ಷಣ ನೋಡಿ ಕಾರಣ ತಿಳಿಯಿರಿ

1. ಚೆನ್ನಾಗಿ ಓಡಿ ಐದು ಹತ್ತು ನಿಮಿಷಕ್ಕೆ ನಿಲ್ಲುತ್ತದೆ: ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಶುರುವಾದರೆ ಗಾಳಿ ತೂತು ಮುಚ್ಚಿದೆ ಎಂದರ್ಥ. ಮುಚ್ಚಳ ತೆಗೆದು ತೂತು ಸ್ವಚ್ಛ ಮಾಡಿ.

2. ಚೋಕ್ ಎಳೆದಾಗ ಮಾತ್ರ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ: ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಕಾಕ್‌ನ ಜಾಲರಿಯಲ್ಲಿ ಕಸ ಇರಬಹುದು, ಇಲ್ಲವೇ ಜೆಟ್ ಕಟ್ಟಿರಬಹುದು. ಜೆಟ್ ತೂತಿಗೆ ತಂತಿ, ಪಿನ್ನು ಚುಚ್ಚಬೇಡಿ. ತೂತು ದೊಡ್ಡದಾದರೆ ಪೆಟ್ರೋಲ್ ಸುಮ್ಮನೆ ಉರಿಯುತ್ತದೆ. ಕ್ಲೀನರ್ ಹಾಕಿ ಗಾಳಿ ಊದಿಸುವುದು ಮೆಕ್ಯಾನಿಕ್ ಕೆಲಸ.

3. ಕಪ್ಪು ಹೊಗೆ, ಪ್ಲಗ್ ಒದ್ದೆ: ಚೋಕ್ ಹಾಗೇ ಉಳಿದಿದೆಯೇ ನೋಡಿ, ಆಮೇಲೆ ಏರ್ ಫಿಲ್ಟರ್ ಬಿಚ್ಚಿ. ಕುಷ್ಟಗಿ, ಯಲಬುರ್ಗಾ ಕಡೆ ಜೋಳದ ಕಣಕಿ, ಗಂಗಾವತಿ ಕಡೆ ಭತ್ತದ ಹುಲ್ಲು. ಎರಡರ ಧೂಳೂ ಫಿಲ್ಟರ್ ಕಟ್ಟಿಸುತ್ತವೆ. ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ, ತುಸು ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕಿ. ಕಾಗದದ್ದನ್ನು ತೊಳೆಯಬೇಡಿ, ಕೊಡವಿ.

4. ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ: ಒಳಗಿನ ಫ್ಲೋಟ್ ಅಥವಾ ಸೂಜಿ ಸಿಕ್ಕಿಕೊಂಡಿದೆ. ಕಾಕ್ ಮುಚ್ಚಿ. ಎಂಜಿನ್ ಆಯಿಲ್‌ಗೆ ಪೆಟ್ರೋಲ್ ವಾಸನೆ ಬಂದಿದ್ದರೆ ಆಯಿಲ್ ಬದಲಿಸುವವರೆಗೆ ಓಡಿಸಬೇಡಿ.

5. ತಿಂಗಳುಗಟ್ಟಲೆ ನಿಂತ ಎಂಜಿನ್ ಶುರುವಾಗುವುದಿಲ್ಲ: ಪೆಟ್ರೋಲ್ ಹಳಸಿರಬಹುದು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಮೆತ್ತಗೆ ಮಾಡಬಹುದು. ಕಾರ್ಬ್ಯುರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ನಿಂತರೆ ನೀರು ಸೇರಿದೆ. ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ.

ಪೆಟ್ರೋಲ್‌ನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಎಂಜಿನ್ ಇದ್ದವರು ನಿಲ್ಲಿಸುವ ಮೊದಲು ಕಾಕ್‌ನ್ನು ಪೆಟ್ರೋಲ್‌ಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಿ. ಕಾರ್ಬ್ಯುರೇಟರ್‌ನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ಶುರುವಾಗುವುದಿಲ್ಲ.

ಇವನ್ನು ಮರೆಯಬೇಡಿ

ಎಂಜಿನ್ ಕೊಟ್ಟಿಗೆಯ ಹೊರಗಿರಲಿ. ಹೊಗೆಯಲ್ಲಿರುವ ವಿಷಗಾಳಿಗೆ ಬಣ್ಣ, ವಾಸನೆ ಇಲ್ಲ. ಮುಚ್ಚಿದ ಜಾಗದಲ್ಲಿ ನಿಮ್ಮ ಜೀವಕ್ಕೂ ದನಗಳ ಜೀವಕ್ಕೂ ಅಪಾಯ. ಬಿಸಿ ಎಂಜಿನ್‌ಗೆ ಪೆಟ್ರೋಲ್ ಹಾಕಬೇಡಿ, ಚಿಮಣಿ ಹತ್ತಿರ ತರಬೇಡಿ. ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳೆಯಬೇಡಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿಯುತ್ತದೆ. ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಏನೇ ಬಿಚ್ಚುವ ಮೊದಲು ಪ್ಲಗ್ ಕ್ಯಾಪ್ ತೆಗೆಯಿರಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಪೆಟ್ರೋಲ್ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಹಾಲಿನ ಕ್ಯಾನ್ ಮುಟ್ಟಬೇಡಿ. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ.

ಕೆಲ ವಾರ ಬಳಸುವುದಿಲ್ಲ ಎಂದಾದರೆ ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಆಗ ಕಾರ್ಬ್ಯುರೇಟರ್‌ನಲ್ಲಿ ಅಂಟು ಕಟ್ಟುವುದಿಲ್ಲ.

ಆ ಎಮ್ಮೆಯ ಚಿಕಿತ್ಸೆ ಪೂರ್ತಿ ಮುಗಿಸಿದೆವು. ಆ ಅಕ್ಕ ಈಗ ವಾರಕ್ಕೊಮ್ಮೆ ಮುಚ್ಚಳ, ಫಿಲ್ಟರ್ ನೋಡುತ್ತಾರೆ. ಬಾವು ಇದುವರೆಗೆ ಮರಳಿಲ್ಲ. ನಿಮ್ಮ ದನಕ್ಕೂ ಬಾವು ಮತ್ತೆ ಮತ್ತೆ ಬರುತ್ತಿದ್ದರೆ ಹಾಲು ಹಿಂಡುವ ಹೊತ್ತಿಗೇ ನಮ್ಮನ್ನು ಕರೆಯಿರಿ. ಸಂಘದ ಕಾರ್ಯದರ್ಶಿಗೆ ತಿಳಿಸಿದರೆ ಸಾಕು, ಬಂದು ನೋಡುತ್ತೇವೆ.

— ಪಶುವೈದ್ಯಾಧಿಕಾರಿ