ಘನಸ್ಥಿತಿ ಎನ್‌ಎಂಆರ್ ಪ್ರೋಬ್ ಸುರುಳಿ

ಘನಸ್ಥಿತಿ ಎನ್‌ಎಂಆರ್ ಪ್ರೋಬ್ ಸುರುಳಿಯು ಪ್ರಬಲ ಕಾಂತಕ್ಷೇತ್ರದಲ್ಲಿರಿಸಿದ ಘನ ಮಾದರಿಗೆ ರೇಡಿಯೋ ಆವೃತ್ತಿಯ ಸ್ಪಂದಗಳನ್ನು ನೀಡಿ, ಅದರ ಪರಮಾಣು ಬೀಜಗಳು ಹೊರಡಿಸುವ ಕ್ಷೀಣ ಸಂಕೇತವನ್ನು ಗ್ರಹಿಸುವ ಲೋಹದ ಸುರುಳಿ. ಎನ್‌ಎಂಆರ್ ಎಂಬುದು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಅಂದರೆ ಪರಮಾಣು ಬೀಜಗಳ ಕಾಂತೀಯ ಅನುರಣನೆ ಎಂಬುದರ ಹ್ರಸ್ವರೂಪ. ಜೈವಿಕ ಮಾದರಿಗಳಲ್ಲಿ ನೀರು ಮತ್ತು ಲವಣ ಇರುವುದರಿಂದ ಅವು ರೇಡಿಯೋ ಶಕ್ತಿಯನ್ನು ಹೀರಿ ಬಿಸಿಯಾಗುತ್ತವೆ. ಆದ್ದರಿಂದ ಮಾದರಿಯೊಳಗೆ ಕಾಂತಕ್ಷೇತ್ರವನ್ನು ಹೆಚ್ಚಿಸಿ ವಿದ್ಯುತ್‌ಕ್ಷೇತ್ರವನ್ನು ತಗ್ಗಿಸುವುದೇ ಇಂತಹ ಸುರುಳಿಯ ವಿನ್ಯಾಸದ ಮುಖ್ಯ ಉದ್ದೇಶ.

ಹಿನ್ನೆಲೆ

ಕರ್ನಾಟಕದಲ್ಲಿ ಎನ್‌ಎಂಆರ್ ಸಂಶೋಧನೆಗೆ ದೀರ್ಘ ಇತಿಹಾಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿನ ಅನುರಣನೆಯನ್ನು ಕುರಿತ ಪ್ರಬಂಧವನ್ನು 1951ರಲ್ಲಿ ಪ್ರಕಟಿಸಿದರು. ಸುರುಳಿಯೊಳಗೆ ದ್ರವವು ಹರಿಯುತ್ತಿದ್ದರೆ ಹೊಸ ಬೀಜಗಳು ನಿರಂತರವಾಗಿ ಬಂದು ಸಂಕೇತವು ಬದಲಾಗುತ್ತದೆ ಎಂಬುದು ಅದರ ತಿರುಳು. ಅದೇ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರದಲ್ಲಿ ಕೆ. ವಿ. ರಾಮನಾಥನ್ ಮೊದಲಾದವರು ಘನಸ್ಥಿತಿ ಎನ್‌ಎಂಆರ್ ಕ್ಷೇತ್ರದಲ್ಲಿ ಕೆಲಸ ಮಾಡಿದ್ದಾರೆ.

ಘನವಸ್ತುಗಳಲ್ಲಿ ಅಣುಗಳು ಮುಕ್ತವಾಗಿ ತಿರುಗಲಾರವು. ಆದ್ದರಿಂದ ರೋಹಿತದ ರೇಖೆಗಳು ಅಗಲವಾಗಿರುತ್ತವೆ. ಮಾದರಿಯನ್ನು ಪುಟ್ಟ ಕೊಳವೆಯಲ್ಲಿ ತುಂಬಿ, ಮುಖ್ಯ ಕಾಂತಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಾಗಿ ವೇಗವಾಗಿ ತಿರುಗಿಸಿದರೆ ರೇಖೆಗಳು ಕಿರಿದಾಗುತ್ತವೆ. ಮಾಯಾಕೋನ ಭ್ರಮಣವೆಂಬ ಈ ವಿಧಾನವನ್ನು ಇ. ಆರ್. ಆ್ಯಂಡ್ರೂ ಮತ್ತು ಸಂಗಡಿಗರು 1958ರಲ್ಲಿ, ಐ. ಜೆ. ಲೋವ್ 1959ರಲ್ಲಿ ವರದಿ ಮಾಡಿದರು.

ಸೊಲೆನಾಯ್ಡ್ ಸುರುಳಿ

ತಿರುಗುವ ಕೊಳವೆಯ ಸುತ್ತ ಅದೇ ಅಕ್ಷದಲ್ಲಿ ಸುತ್ತಿದ ಸೊಲೆನಾಯ್ಡ್ ಅತ್ಯಂತ ಸರಳವಾದ ರಚನೆ. ಸುರುಳಿಯು ಓರೆಯಾಗಿರುವುದರಿಂದ ಅದರ ಕಾಂತಕ್ಷೇತ್ರದ ಸುಮಾರು 82 ಶೇಕಡಾ ಭಾಗ ಮಾತ್ರ ಮುಖ್ಯ ಕ್ಷೇತ್ರಕ್ಕೆ ಲಂಬವಾಗಿದ್ದು ಉಪಯೋಗಕ್ಕೆ ಬರುತ್ತದೆ. ನಿರ್ದಿಷ್ಟ ವಿದ್ಯುತ್ ಪ್ರವಾಹಕ್ಕೆ ಹೆಚ್ಚು ಕಾಂತಕ್ಷೇತ್ರವನ್ನು ಉಂಟುಮಾಡುವ ಸುರುಳಿಯೇ ಸಂಕೇತವನ್ನೂ ಹೆಚ್ಚು ಚೆನ್ನಾಗಿ ಗ್ರಹಿಸುತ್ತದೆ. ಈ ಪರಸ್ಪರತೆಯ ತತ್ತ್ವವನ್ನು ಆಧರಿಸಿ ಡಿ. ಐ. ಹೌಲ್ಟ್ ಮತ್ತು ಆರ್. ಇ. ರಿಚರ್ಡ್ಸ್ 1976ರಲ್ಲಿ ಸಂಕೇತ ಹಾಗೂ ಗದ್ದಲದ ಅನುಪಾತವನ್ನು ವಿಶ್ಲೇಷಿಸಿದರು.

ಸುತ್ತುಗಳನ್ನು ಮನಬಂದಂತೆ ಹೆಚ್ಚಿಸಲಾಗದು. 5 ಮಿಲಿಮೀಟರ್ ವ್ಯಾಸದ 5 ಸುತ್ತುಗಳ ಸುರುಳಿಗೆ ಸುಮಾರು 79 ಮಿಲಿಮೀಟರ್ ತಂತಿ ಬೇಕು. 800 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ತರಂಗದೂರವು ಸುಮಾರು 375 ಮಿಲಿಮೀಟರ್. ತಂತಿಯ ಉದ್ದ ಅದರ ಐದನೆಯ ಒಂದು ಭಾಗದಷ್ಟಾಗುತ್ತದೆ. ಆಗ ತಂತಿಯುದ್ದಕ್ಕೂ ಪ್ರವಾಹವು ಸಮನಾಗಿರದೆ, ಕಾಂತಕ್ಷೇತ್ರದ ಏಕರೂಪತೆ ಕೆಡುತ್ತದೆ.

ಮಾದರಿ ಬಿಸಿಯಾಗುವಿಕೆ

ಮಾದರಿಯಲ್ಲಿ ಎರಡು ಬಗೆಯ ವಿದ್ಯುತ್‌ಕ್ಷೇತ್ರಗಳು ಉಂಟಾಗುತ್ತವೆ. ಬದಲಾಗುವ ಕಾಂತಕ್ಷೇತ್ರದಿಂದ ಪ್ರೇರಿತವಾಗುವ ಕ್ಷೇತ್ರವನ್ನು ತಪ್ಪಿಸಲಾಗದು. ಸುರುಳಿಯ ಎರಡು ತುದಿಗಳ ನಡುವಿನ ವೋಲ್ಟೇಜಿನಿಂದ ಹುಟ್ಟುವ ಕ್ಷೇತ್ರವನ್ನು ಮಾತ್ರ ವಿನ್ಯಾಸದ ಮೂಲಕ ತಗ್ಗಿಸಬಹುದು. ಕಾಂತಕ್ಷೇತ್ರವನ್ನು ಅಷ್ಟೇ ಇರಿಸಿ ಆವೃತ್ತಿಯನ್ನು 400ರಿಂದ 800 ಮೆಗಾಹರ್ಟ್ಸ್‌ಗೆ ಏರಿಸಿದರೆ, ವಾಹಕತೆಯು ಸಮನಾಗಿದ್ದಾಗ, ಪ್ರೇರಿತ ಕ್ಷೇತ್ರದಿಂದ ಉಂಟಾಗುವ ಶಾಖ ನಾಲ್ಕು ಪಟ್ಟಾಗುತ್ತದೆ.

ಪರಿಣಾಮವು ಮಾದರಿಯನ್ನು ಅವಲಂಬಿಸಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲೂಕುಗಳಿರುವ ಮಂಡ್ಯ ಜಿಲ್ಲೆಯ ಪ್ರಮುಖ ಬೆಳೆಯಾದ ಕಬ್ಬಿನ ಒಣಸಿಪ್ಪೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಸೆಲ್ಯುಲೋಸ್ ಒಣಗಿದ್ದಾಗ ವಿದ್ಯುತ್ತನ್ನು ಬಹುಮಟ್ಟಿಗೆ ಹರಿಯಗೊಡದು. ಹಾಗಾಗಿ ಸಾಮಾನ್ಯ ಸೊಲೆನಾಯ್ಡ್ ಸಾಕು. ಲವಣಯುಕ್ತ ನೀರಿನಲ್ಲಿ ನೆನೆದ ಜೀವಕೋಶಪೊರೆಯ ಪ್ರೋಟೀನಾದರೋ ಅದೇ ಸುರುಳಿಯಲ್ಲಿ ಬಿಸಿಯಾಗಿ ನೀರನ್ನು ಕಳೆದುಕೊಳ್ಳಬಹುದು, ಇಲ್ಲವೇ ತನ್ನ ಸಹಜ ಮಡಿಕೆಯನ್ನು ಕಳೆದುಕೊಂಡು ನಿರುಪಯುಕ್ತವಾಗಬಹುದು. ಇಂಗಾಲ-13 ಮತ್ತು ಸಾರಜನಕ-15 ಸಮಸ್ಥಾನಿಗಳನ್ನು ಸೇರಿಸಿ ತಯಾರಿಸುವ ಪ್ರೋಟೀನು ದುಬಾರಿಯಾದುದರಿಂದ ಈ ನಷ್ಟ ಚಿಕ್ಕದಲ್ಲ.

ಪರ್ಯಾಯ ರಚನೆಗಳು

ತಾಮ್ರದ ತೆಳುಹಾಳೆಯನ್ನು ನಿರೋಧಕ ಪದರದೊಡನೆ ಚಾಪೆಯಂತೆ ಸುತ್ತಿದ ಸ್ಕ್ರೋಲ್ ಸುರುಳಿಯಲ್ಲಿ ಒಳಪದರವು ಮಾದರಿಗೆ ಮರೆಯಾಗಿ ವಿದ್ಯುತ್‌ಕ್ಷೇತ್ರವನ್ನು ತಡೆಯುತ್ತದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾಡ್ ರೀನ್‌ಸ್ಟ್ರಾ ಮತ್ತು ಸಹೋದ್ಯೋಗಿಗಳು 2005ರಲ್ಲಿ ಇದನ್ನು ವರದಿ ಮಾಡಿದರು. ಫ್ಲಾರಿಡಾದ ರಾಷ್ಟ್ರೀಯ ಉನ್ನತ ಕಾಂತಕ್ಷೇತ್ರ ಪ್ರಯೋಗಾಲಯದಲ್ಲಿ ಪೀಟರ್ ಗೋರ್ಕೋವ್ ಮೊದಲಾದವರು ರೂಪಿಸಿದ ಲೋ-ಇ ಪ್ರೋಬ್‌ನಲ್ಲಿ ಎರಡು ಸುರುಳಿಗಳಿವೆ: ಪ್ರೋಟಾನಿನ ಉನ್ನತ ಆವೃತ್ತಿಗೆ ಕಡಿಮೆ ಪ್ರೇರಕತೆಯ ಅನುರಣಕ, ಇಂಗಾಲ ಮತ್ತು ಸಾರಜನಕಗಳ ಕೆಳ ಆವೃತ್ತಿಗಳಿಗೆ ಸೊಲೆನಾಯ್ಡ್. ಇವು ಪರಸ್ಪರ ಲಂಬವಾಗಿದ್ದು, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಿಯಾಗುವುದು ಕಡಿಮೆ.

ಪರೀಕ್ಷೆ

ಒಣ ಪೊಟ್ಯಾಸಿಯಂ ಬ್ರೋಮೈಡ್ ಪುಡಿಯಲ್ಲಿ ಬ್ರೋಮಿನ್-79 ಸಂಕೇತದ ಸ್ಥಾನಪಲ್ಲಟವನ್ನು ಅಳೆದು, ಭ್ರಮಣದ ವೇಳೆ ಗಾಳಿಯ ಘರ್ಷಣೆಯಿಂದ ಏರುವ ತಾಪವನ್ನು ತಿಳಿಯಬಹುದು. ಆದರೆ ಆ ಪುಡಿಯು ರೇಡಿಯೋ ಸ್ಪಂದಗಳಿಂದ ಹೆಚ್ಚು ಬಿಸಿಯಾಗದು. ಆದ್ದರಿಂದ ಜೈವಿಕ ಮಾದರಿಯ ನಿಜವಾದ ತಾಪವನ್ನು ಅದು ಸೂಚಿಸಲಾರದು. ಅದಕ್ಕಾಗಿ ಅಷ್ಟೇ ಲವಣವಿರುವ ದ್ರಾವಣದಲ್ಲಿ ನೀರಿನ ಪ್ರೋಟಾನ್ ಸಂಕೇತವನ್ನು ಗಮನಿಸಲಾಗುತ್ತದೆ. ತಾಪವು ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಅದು ಸುಮಾರು 0.01 ಪಿಪಿಎಂ ಸರಿಯುತ್ತದೆ. ಹೊಸ ಸುರುಳಿಯನ್ನು ಬೆಲೆಬಾಳುವ ಪ್ರೋಟೀನಿಗೆ ಬಳಸುವ ಮುನ್ನ ಈ ಪರೀಕ್ಷೆಯನ್ನು ನಡೆಸುವುದು ಸೂಕ್ತ.